ಹದಿಮೂರು ಡಿಗ್ರಿ ಅಕ್ಷಾಂಶದಲ್ಲಿ ಎಚ್‌ಇಕ್ಯೂ-5 ಪ್ರೊ: ಏಳು ವರ್ಷ ಹೊತ್ತು, ಹೂಡಿ, ಬಿಚ್ಚಿ ನೋಡಿದ ಮೇಲೆ

ಸ್ಕೈವಾಚರ್ ಕಂಪನಿಯ ಎಚ್‌ಇಕ್ಯೂ-5 ಪ್ರೊ ಎಂಬ ಈಕ್ವಟೋರಿಯಲ್ ಮೌಂಟನ್ನು, ಅಂದರೆ ದೂರದರ್ಶಕವನ್ನು ಹೊತ್ತು ಆಕಾಶದೊಂದಿಗೆ ತಿರುಗಿಸುವ ಯಂತ್ರವನ್ನು, ನಾನು ಕೊಂಡದ್ದು 2018ರಲ್ಲಿ. ಅಂದಿನಿಂದ ಅದು ಬೆಂಗಳೂರಿನ ನಮ್ಮ ಮನೆಯ ತಾರಸಿಯ ಮೇಲೂ, ಪಾವಗಡ ತಾಲ್ಲೂಕಿನಲ್ಲಿರುವ ಸೋದರಮಾವನ ಹೊಲದಲ್ಲೂ ನೂರಾರು ರಾತ್ರಿ ನಿಂತಿದೆ. ಈ ಮೌಂಟಿನ ಬಗ್ಗೆ ಓದಲು ಸಿಗುವ ವಿಮರ್ಶೆಗಳಲ್ಲಿ ಹೆಚ್ಚಿನವು ಯುರೋಪು, ಅಮೆರಿಕದ ನಲವತ್ತು ಐವತ್ತು ಡಿಗ್ರಿ ಅಕ್ಷಾಂಶಗಳಲ್ಲಿ ಕುಳಿತವರು ಬರೆದವು. ನಮ್ಮ ಹದಿಮೂರು, ಹದಿನಾಲ್ಕು ಡಿಗ್ರಿಯಲ್ಲಿ ಇದೇ ಯಂತ್ರದ ಸ್ವಭಾವ ಬೇರೆ. ಅಲ್ಲಿಯವರಿಗೆ ಎಂದೂ ಎದುರಾಗದ ಎರಡು ಮೂರು ತೊಡಕುಗಳು ನಮಗೆ ಮೊದಲ ರಾತ್ರಿಯೇ ಎದುರಾಗುತ್ತವೆ. ಅವನ್ನು ಮುಂಚಿತವಾಗಿ ತಿಳಿದು ಕೊಳ್ಳುವವರಿಗೆ ಇದು ಒಳ್ಳೆಯ ಮೌಂಟ್. ತಿಳಿಯದೆ ಕೊಳ್ಳುವವರು ಮೊದಲ ಆರು ತಿಂಗಳು ತಮ್ಮನ್ನೇ ಬೈದುಕೊಳ್ಳುತ್ತಾರೆ. ನಾನು ಎರಡನೆಯ ಗುಂಪಿನವನು.

ಮೊದಲು ಇದರ ಕೆಲಸವೇನೆಂದು ಹೇಳಬೇಕು. ಭೂಮಿ ತನ್ನ ಅಕ್ಷದ ಮೇಲೆ 23 ಗಂಟೆ 56 ನಿಮಿಷ 4 ಸೆಕೆಂಡಿಗೆ ಒಂದು ಸುತ್ತು ತಿರುಗುವುದರಿಂದ ಇಡೀ ಆಕಾಶ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ) ವೇಗದಲ್ಲಿ ಪಶ್ಚಿಮಕ್ಕೆ ತಿರುಗುತ್ತದೆ. ಈಕ್ವಟೋರಿಯಲ್ ಮೌಂಟಿನ ಎರಡು ಅಕ್ಷಗಳಲ್ಲಿ ಒಂದನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಲ್ಲಿಸಿ ಅದೇ ವೇಗದಲ್ಲಿ ಪಶ್ಚಿಮಕ್ಕೆ ತಿರುಗಿಸಿದರೆ ದೂರದರ್ಶಕದಲ್ಲಿ ಕಾಣುವ ವಸ್ತು ಕದಲದೆ ನಿಲ್ಲುತ್ತದೆ. ಎಚ್‌ಇಕ್ಯೂ-5ರಲ್ಲಿ ಈ ತಿರುಗುವಿಕೆಯನ್ನು ಹೆಜ್ಜೆ ಹೆಜ್ಜೆಯಾಗಿ ತಿರುಗುವ ಒಂದು ಸ್ಟೆಪ್ಪರ್ ಮೋಟಾರು, ಕೆಲವು ಸಣ್ಣ ಹಲ್ಲುಗಾಲಿಗಳು ಮತ್ತು 135 ಹಲ್ಲಿನ ಒಂದು ದೊಡ್ಡ ಚಕ್ರವನ್ನು ನೂಕುವ ವರ್ಮ್ ಎಂಬ ತಿರುಪಿನಾಕಾರದ ದಂಡ ಸೇರಿ ಮಾಡುತ್ತವೆ. ಒಟ್ಟು ಅನುಪಾತ 705ಕ್ಕೆ 1. ವರ್ಮ್ ಒಂದು ಸುತ್ತು ಮುಗಿಸಲು ಸುಮಾರು 638 ಸೆಕೆಂಡು ಹಿಡಿಯುತ್ತದೆ. ವರ್ಮಿನ ಕೊರೆತದಲ್ಲಿ ಎಲ್ಲಿಯಾದರೂ ಕೂದಲೆಳೆಯಷ್ಟು ಏರುಪೇರಿದ್ದರೆ ಅದು ಹತ್ತು ನಿಮಿಷ ಮೂವತ್ತೆಂಟು ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಛಾಯಾಗ್ರಹಣಕ್ಕೆ ಇಳಿದವರಿಗೆ ಈ ಸಂಖ್ಯೆ ಬಾಯಿಪಾಠವಾಗಿರುತ್ತದೆ.

ಇನ್ನು ತೂಕ. ಅಕ್ಷ, ಮೋಟಾರುಗಳಿರುವ ಮೌಂಟಿನ ತಲೆ ಸುಮಾರು 10 ಕಿಲೋ, ದೂರದರ್ಶಕದ ಭಾರವನ್ನು ಸರಿದೂಗಿಸಲು ಐದೈದು ಕಿಲೋ ತೂಗುವ ಎರಡು ಕೌಂಟರ್‌ವೇಟ್‌ಗಳು, ಉಕ್ಕಿನ ಕಾಲುಗಳ ಟ್ರೈಪಾಡ್ ಆರೇಳು ಕಿಲೋ. ದೂರದರ್ಶಕವನ್ನು ಇನ್ನೂ ಮುಟ್ಟದೆಯೇ ಇಪ್ಪತ್ತೈದು ಕಿಲೋ ದಾಟಿತು. ಇದೇ ಕಂಪನಿಯ ದೊಡ್ಡಣ್ಣ ಇಕ್ಯೂ-6ಆರ್‌ನ ತಲೆಯೊಂದೇ 17 ಕಿಲೋಗಿಂತ ಹೆಚ್ಚು. 20 ಕಿಲೋ ಹೊರುವ ಸಾಮರ್ಥ್ಯವೇನೋ ಅದಕ್ಕಿದೆ, ಆದರೆ ಅದನ್ನು ನಡುರಾತ್ರಿ ಒಬ್ಬರೇ ಸೊಂಟದ ಮಟ್ಟಕ್ಕೆ ಎತ್ತಿ ಟ್ರೈಪಾಡಿನ ನಡುತಿರುಪಿನ ಮೇಲೆ ಸರಿಯಾಗಿ ಇಳಿಸುವುದು ನಲವತ್ತು ದಾಟಿದವರ ಬೆನ್ನಿಗೆ ಹೇಳಿಸಿದ್ದಲ್ಲ. ಎಚ್‌ಇಕ್ಯೂ-5 ಹೊರಬಲ್ಲದೆಂದು ಹೇಳುವ ತೂಕ ಸುಮಾರು 11 ಕಿಲೋ. ಕಣ್ಣಿನಿಂದ ನೋಡುವುದಕ್ಕೆ ಆ ಲೆಕ್ಕ ಸರಿ. ಫೋಟೋ ತೆಗೆಯುವುದಾದರೆ ಅದರ ಮೂರನೇ ಎರಡು ಭಾಗವನ್ನೇ ಮಿತಿಯೆಂದು ಭಾವಿಸಬೇಕು. ನಾನು ಇಟ್ಟಿರುವುದು 80 ಮಿಲಿಮೀಟರ್ ವ್ಯಾಸದ, 600 ಮಿಲಿಮೀಟರ್ ನಾಭಿದೂರದ ಒಂದು ಇಡಿ ರಿಫ್ರ್ಯಾಕ್ಟರು (ಮಸೂರದ ದೂರದರ್ಶಕ), ಅದರ ಬೆನ್ನ ಮೇಲೆ ನಕ್ಷತ್ರವೊಂದನ್ನು ಕಾಯುತ್ತಾ ಮೌಂಟಿನ ತಪ್ಪು ತಿದ್ದಿಸುವ ಒಂದು ಪುಟ್ಟ ಗೈಡ್ ಸ್ಕೋಪು ಮತ್ತು ಕ್ಯಾಮೆರಾ. ಈ ಭಾರಕ್ಕೆ ಮೌಂಟ್ ಒಮ್ಮೆಯೂ ಏದುಸಿರು ಬಿಟ್ಟಿಲ್ಲ. ಚಂದ್ರ, ಗುರು, ಶನಿಗಳನ್ನು ಮಕ್ಕಳಿಗೆ ತೋರಿಸುವುದಷ್ಟೇ ಉದ್ದೇಶವಾದರೆ ಈ ವಿಮರ್ಶೆಯನ್ನು ಇಲ್ಲಿಗೇ ನಿಲ್ಲಿಸಿ, ಸರಳ ಪೀಠದ ಮೇಲೆ ಕೈಯಿಂದಲೇ ತಿರುಗಿಸುವ ಡಾಬ್ಸೋನಿಯನ್ ದೂರದರ್ಶಕವೊಂದನ್ನು ಕೊಳ್ಳುವುದು ಜಾಣತನ. ಅದನ್ನು ನೆಲಕ್ಕಿಟ್ಟು ಎರಡು ನಿಮಿಷದಲ್ಲಿ ನೋಡಲು ತೊಡಗಬಹುದು.

ನನ್ನ ಮೌಂಟ್ ಮನೆಗೆ ಬಂದ ದಿನ ಪೆಟ್ಟಿಗೆಯ ಮೇಲಿನ ಬಾಣದ ಗುರುತು ನೆಲ ನೋಡುತ್ತಿತ್ತು. ತಂದುಕೊಟ್ಟ ಕೊರಿಯರ್‌ನವರಿಗೆ ಅದು ಮಿಕ್ಸಿಯ ಪೆಟ್ಟಿಗೆಗಿಂತ ಬೇರೆಯಲ್ಲ. ಒಳಗಿನ ಥರ್ಮಾಕೋಲ್ ಒಂದು ಮೂಲೆಯಲ್ಲಿ ಪುಡಿಯಾಗಿತ್ತು, ದಿಗಂಶವನ್ನು, ಅಂದರೆ ತಲೆಯ ಎಡಬಲದ ದಿಕ್ಕನ್ನು, ಹೊಂದಿಸುವ ತಿರುಪಿನ ಹಿಡಿಯೊಂದರ ಅಂಚು ತರಚಿತ್ತು; ಯಂತ್ರಕ್ಕೆ ಏನೂ ಆಗಿರಲಿಲ್ಲ. ಆ ಥರ್ಮಾಕೋಲನ್ನು ಎಸೆಯಬೇಡಿ ಎಂದು ಹೊಸಬರಿಗೆ ನಾನು ಹೇಳುವುದುಂಟು, ಆದರೆ ಅದನ್ನೇ ನಂಬಿ ಪ್ರಯಾಣ ಮಾಡಲೂ ಬಾರದು. ನಾಲ್ಕು ಸಲ ತೆಗೆದು ಹಾಕುವಷ್ಟರಲ್ಲಿ ಅದರ ಕಾಳುಗಳು ಉದುರಿ, ಅಕ್ಷವನ್ನು ಬಿಗಿಯುವ ಸಡಿಲಿಸುವ ಕ್ಲಚ್ಚಿನ ಸಂದಿಗೆ, ಗ್ರೀಸು ಇರುವ ಕಡೆಗೆ ಸೇರಿಕೊಳ್ಳುತ್ತವೆ.

ಸಾಗಣೆಯ ಮಾತು ಬಂದದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮೌಂಟುಗಳು ಕೆಡುವುದು ಆಕಾಶ ನೋಡುವಾಗಲ್ಲ, ರಸ್ತೆಯಲ್ಲಿ. ಬೆಂಗಳೂರಿನಿಂದ ಮಾವನ ಹೊಲಕ್ಕೆ ಸುಮಾರು 150 ಕಿಲೋಮೀಟರ್. ಕೊನೆಯ ನಾಲ್ಕು ಕಿಲೋಮೀಟರ್ ಎತ್ತಿನಗಾಡಿಯ ಜಾಡು. ಹಾಸಿಗೆ ಅಂಗಡಿಯಲ್ಲಿ ಗಟ್ಟಿ ಫೋಮ್ ಹಾಳೆ ತಂದು, ಮುಚ್ಚಳವಿರುವ ದಪ್ಪ ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಅಳತೆ ಮಾಡಿ, ಮೌಂಟಿನ ತಲೆಯ ಆಕಾರಕ್ಕೆ ಬ್ರೆಡ್ ಚಾಕುವಿನಿಂದ ಕೊರೆದು ಕೂರಿಸಿದ್ದೇನೆ. ತಲೆಯನ್ನು ಅದರೊಳಗೆ ಇಳಿಸಿದ ಮೇಲೆ ಎರಡೂ ಕ್ಲಚ್ಚುಗಳನ್ನು ಸಡಿಲ ಬಿಡುತ್ತೇನೆ. ಕ್ಲಚ್ ಬಿಗಿಯಾಗಿದ್ದು, ಹೊರಚಾಚಿದ ಭಾಗವೊಂದಕ್ಕೆ ಗುಂಡಿಯ ಏಟು ಬಿದ್ದರೆ ಆ ಏಟು ನೇರವಾಗಿ ವರ್ಮಿನ ಹಲ್ಲಿಗೆ ಹೋಗುತ್ತದೆ. ಸಡಿಲವಾಗಿದ್ದರೆ ಅಕ್ಷ ಒಂದಿಷ್ಟು ತಿರುಗಿ ಸುಮ್ಮನಾಗುತ್ತದೆ. ಕೌಂಟರ್‌ವೇಟ್‌ಗಳು ಡಿಕ್ಕಿಯಲ್ಲಿ ಎಂದೂ ಬಿಡಿಯಾಗಿ ಇರಬಾರದು. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಐದು ಕಿಲೋ ಕಬ್ಬಿಣ ದೂರದರ್ಶಕದ ಕೊಳವೆಯನ್ನು ಹುಡುಕಿಕೊಂಡೇ ಹೋಗುತ್ತದೆ. ನಾನು ಅವನ್ನು ಹಳೆಯ ಜಮಖಾನೆಯಲ್ಲಿ ಸುತ್ತಿ ಮುಂದಿನ ಸೀಟಿನ ಹಿಂದೆ, ಕಾಲಿಡುವ ಜಾಗದಲ್ಲಿ ಇಡುತ್ತೇನೆ. ರಿಫ್ರ್ಯಾಕ್ಟರು ಹಿಂದಿನ ಸೀಟಿನ ಮೇಲೆ, ಸೀಟ್‌ಬೆಲ್ಟ್ ಹಾಕಿಕೊಂಡು, ಮನೆಯ ಹಿರಿಯರಂತೆ ಬರುತ್ತದೆ. ಟ್ರೈಪಾಡನ್ನು ಕೊನೆಯಲ್ಲಿ ಏರಿಸಬೇಕು, ಏಕೆಂದರೆ ಇಳಿಸುವಾಗ ಮೊದಲು ಬೇಕಾಗುವುದು ಅದೇ.

ಹೊಲ ತಲುಪಲು ನಾನು ಯಾವಾಗಲೂ ಸಂಜೆ ಐದೂವರೆಯ ಗುರಿ ಇಟ್ಟುಕೊಳ್ಳುತ್ತೇನೆ. ಬೆಳಕಿದ್ದಾಗ ಟ್ರೈಪಾಡ್ ಇಡುವುದಕ್ಕೂ ಟಾರ್ಚ್ ಕಚ್ಚಿಕೊಂಡು ಇಡುವುದಕ್ಕೂ ಅರ್ಧ ಗಂಟೆಯ ವ್ಯತ್ಯಾಸವಿದೆ. ಮೊದಲ ಸಲ ಬಿಳಿಯ ಮೌಂಟನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ ರಸಮಟ್ಟ ಇಟ್ಟು ನೋಡುತ್ತಿದ್ದಾಗ ಪಕ್ಕದ ಹೊಲದವರು ಬದುವಿನ ಮೇಲೆ ನಿಂತು, “ಏನಣ್ಣಾ, ಬೋರ್‌ವೆಲ್ ಪಾಯಿಂಟ್ ನೋಡ್ಸಕ್ಕೆ ಬೆಂಗ್ಳೂರಿಂದ ಮಿಷಿನ್ ತರ್ಸಿದ್ದೀಯಾ?” ಎಂದು ಮಾವನನ್ನು ಕೇಳಿದ್ದರು. ಮಾವ ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ರಾತ್ರಿ ಅವರೇ ಬಂದು ಶನಿಯ ಬಳೆ ನೋಡಿ ಹೋದ ಮೇಲೆ ವಿಷಯ ಇತ್ಯರ್ಥವಾಯಿತು.

ಈಗ ನಮ್ಮ ಅಕ್ಷಾಂಶದ ತೊಡಕುಗಳಿಗೆ ಬರುತ್ತೇನೆ. ಮೌಂಟಿನ ಮುಖ್ಯ ಅಕ್ಷ ನೆಲದಿಂದ ಎಷ್ಟು ಡಿಗ್ರಿ ಮೇಲೆದ್ದಿರಬೇಕೆಂಬುದು ನಾವು ನಿಂತ ಜಾಗದ ಅಕ್ಷಾಂಶಕ್ಕೆ ಸಮ: ಬೆಂಗಳೂರಿನಲ್ಲಿ 13, ಪಾವಗಡದಲ್ಲಿ 14, ಧಾರವಾಡದಲ್ಲಿ ಹದಿನೈದೂವರೆ, ಬೀದರಿನಲ್ಲಿ ಹೆಚ್ಚು ಕಡಿಮೆ 18. ಲಂಡನ್ನಿನಲ್ಲಿ ಈ ಅಕ್ಷ ತಲೆಯೆತ್ತಿ ಆಕಾಶ ನೋಡುತ್ತದೆ. ನಮ್ಮಲ್ಲಿ ಅದು ಹೆಚ್ಚು ಕಡಿಮೆ ಮಲಗಿರುತ್ತದೆ. ಇದರಿಂದ ಎರಡು ಪರಿಣಾಮಗಳಿವೆ. ಮೊದಲನೆಯದಾಗಿ, ಅಕ್ಷ ಮಲಗಿದಷ್ಟೂ ಕೌಂಟರ್‌ವೇಟ್ ಸರಳು ನೆಟ್ಟಗೆ ಕೆಳಗೆ ಇಳಿಬೀಳುತ್ತದೆ, ಮತ್ತು ಟ್ರೈಪಾಡಿನ ಒಂದು ಕಾಲು ಉತ್ತರಕ್ಕೇ ಇದ್ದರೆ ತೂಕದ ಬಿಲ್ಲೆಗಳು ಆ ಕಾಲಿಗೆ ತಾಗುತ್ತವೆ. ಟ್ರೈಪಾಡಿನ ತಲೆಯ ಮೇಲೆ ದಿಗಂಶದ ತಿರುಪುಗಳು ಒತ್ತುವ ಒಂದು ಸಣ್ಣ ಗೂಟವಿರುತ್ತದೆ. ಅದನ್ನು ಕಾಲೊಂದರ ನೇರಕ್ಕೆ ಕೂರಿಸಿರುವುದರಿಂದ ಒಂದು ಕಾಲು ಉತ್ತರಕ್ಕೆ ಬರುವುದು ತಪ್ಪುವುದಿಲ್ಲ. ಯಂತ್ರ ತಾನಾಗಿ ಒಂದು ನಕ್ಷತ್ರದತ್ತ ಹೊರಳುತ್ತಿರುವಾಗ ಬಿಲ್ಲೆ ಕಾಲಿಗೆ ಬಡಿದರೆ ಮೋಟಾರು ಕರಕರ ಎನ್ನುತ್ತಾ ಹೆಜ್ಜೆ ತಪ್ಪುತ್ತದೆ. ಈ ಮೌಂಟಿನ ಅಕ್ಷಗಳ ಮೇಲೆ ಎಷ್ಟು ತಿರುಗಿತೆಂದು ಅಳೆಯುವ ಎನ್‌ಕೋಡರ್ ಇಲ್ಲದ ಕಾರಣ ತಾನು ಹೆಜ್ಜೆ ತಪ್ಪಿದೆನೆಂಬುದು ಅದಕ್ಕೆ ಗೊತ್ತಾಗುವುದೂ ಇಲ್ಲ. ಚಿತ್ತಾ ನಕ್ಷತ್ರ ತೋರಿಸು ಎಂದರೆ ಪಕ್ಕದ ಬರಿದಾದ ಆಕಾಶವನ್ನು ಪೂರ್ಣ ವಿಶ್ವಾಸದಿಂದ ತೋರಿಸುತ್ತದೆ.

ಇದಕ್ಕೆ ಪರಿಹಾರ ಎರಡು. ಕೆಲವು ಟ್ರೈಪಾಡುಗಳ ತಲೆಯಲ್ಲಿ ಆ ಗೂಟವನ್ನು ಬಿಚ್ಚಿ ಎರಡು ಕಾಲುಗಳ ನಡುವಿನ ನೇರಕ್ಕೆ ಕೂರಿಸಲು ತೂತು ಇರುತ್ತದೆ. ಹಾಗಿದ್ದರೆ ಖರ್ಚಿಲ್ಲದೆ ಕೆಲಸ ಮುಗಿಯುತ್ತದೆ, ಜೊತೆಗೆ ಉತ್ತರಕ್ಕೆ ವಾಲುವ ಭಾರ ಎರಡು ಕಾಲುಗಳ ಮಧ್ಯೆ ಬಂದು ನಿಲುವು ಭದ್ರವಾಗುತ್ತದೆ. ಇಲ್ಲದಿದ್ದರೆ ಟ್ರೈಪಾಡಿಗೂ ತಲೆಗೂ ನಡುವೆ ಹಾಕುವ ಗಿಡ್ಡ ಕಂಬವೊಂದು, ಪಿಯರ್ ಎಕ್ಸ್‌ಟೆನ್ಶನ್ ಎಂಬ ಹೆಸರಿನಲ್ಲಿ ಸಿಗುತ್ತದೆ. ನಾನು ಎರಡನೆಯದನ್ನು ಹಾಕಿಸಿದೆ. ಬಿಲ್ಲೆಗಳಿಗೆ ಬೇಕಾದಷ್ಟು ಜಾಗವೂ ಆಯಿತು, ದೂರದರ್ಶಕದ ಹಿಂಭಾಗ ಕಾಲಿಗೆ ತಗಲುವ ಭಯವೂ ಹೋಯಿತು. ಹೊರಬೇಕಾದ ಸಾಮಾನು ಮಾತ್ರ ಒಂದು ಹೆಚ್ಚಾಯಿತು. ಕಂಬ ಹಾಕಿದವರು ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಎಳೆಯುವ ಅಗತ್ಯವಿಲ್ಲ. ಕಾಲು ಗಿಡ್ಡವಿದ್ದಷ್ಟೂ ನಡುಕ ಕಡಿಮೆ.

ಎರಡನೆಯ ಪರಿಣಾಮ ನನಗೆ ದುಬಾರಿಯಾಯಿತು. ಅಕ್ಷದ ಎತ್ತರವನ್ನು ಹೆಚ್ಚು ಕಡಿಮೆ ಮಾಡಲು ಎದುರುಬದುರಾಗಿ ಒತ್ತುವ ಎರಡು ತಿರುಪುಗಳಿವೆ. ಒಂದನ್ನು ಸಡಿಲಿಸಿ ಇನ್ನೊಂದನ್ನು ಬಿಗಿಯಬೇಕು. ಅಕ್ಷ ಮಲಗಿರುವಾಗ ತಲೆ, ಕೊಳವೆ, ಬಿಲ್ಲೆ ಎಲ್ಲದರ ಭಾರವೂ ಉತ್ತರದ ಕಡೆಗೆ ವಾಲಿ, ಮೇಲಕ್ಕೆತ್ತುವ ಒಂದೇ ತಿರುಪಿನ ತುದಿಯ ಮೇಲೆ ಕೂರುತ್ತದೆ. ಒಂದು ರಾತ್ರಿ ಎಲ್ಲವನ್ನೂ ಏರಿಸಿದ ಮೇಲೆ ಅರ್ಧ ಡಿಗ್ರಿ ಎತ್ತರ ಸಾಲದೆಂದು ಕಂಡು, ಬಿಚ್ಚಲು ಬೇಸರಪಟ್ಟು, ಆ ತಿರುಪಿನ ಹಿಡಿಯನ್ನು ಬಲವಾಗಿ ತಿರುಗಿಸಿದೆ. ಮೊದಲು ಗಟ್ಟಿಯಾಗಿತ್ತು, ಆಮೇಲೆ ಇದ್ದಕ್ಕಿದ್ದಂತೆ ಹಗುರವಾಯಿತು. ಹಗುರವಾದದ್ದೇಕೆಂದು ಬೆಳಗ್ಗೆ ಬಿಚ್ಚಿ ನೋಡಿದಾಗ ತಿಳಿಯಿತು: ತಿರುಪು ಕುಡುಗೋಲಿನಂತೆ ಬಾಗಿತ್ತು. ತಪ್ಪು ಪೂರ್ತಿ ನನ್ನದು. ಇಂಥ ತಿರುಪುಗಳು ಹೊಂದಿಸುವುದಕ್ಕೆ ಇರುವವೇ ಹೊರತು ಜಾಕ್‌ನಂತೆ ಭಾರ ಎತ್ತುವುದಕ್ಕಲ್ಲ. ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಅದೇ ಎಳೆಯ ಸ್ಟೈನ್‌ಲೆಸ್ ಸ್ಟೀಲ್ ತಿರುಪು ಮಾಡಿಸಿ, ತುದಿಯನ್ನು ಗುಂಡಗೆ ಉಜ್ಜಿಸಿಕೊಂಡೆ. ಅದಕ್ಕಿಂತ ಮುಖ್ಯವಾಗಿ ಕ್ರಮ ಬದಲಾಯಿಸಿದೆ. ಈಗ ಬರೀ ತಲೆಯನ್ನು ಕೂರಿಸಿದ ಕೂಡಲೇ, ಏನನ್ನೂ ಏರಿಸುವ ಮೊದಲೇ, ಮೊಬೈಲಿನ ಇಳಿಜಾರು ಅಳೆಯುವ ಆ್ಯಪ್ ಇಟ್ಟು ಎತ್ತರವನ್ನು ಅರ್ಧ ಡಿಗ್ರಿಯೊಳಗೆ ತರುತ್ತೇನೆ. ಆಮೇಲೆ ಎಲ್ಲ ಹೂಡಿದ ಮೇಲೆ ಉಳಿದ ಕೂದಲೆಳೆಯನ್ನು ಎಡಗೈಯಿಂದ ತಲೆಯನ್ನು ಸ್ವಲ್ಪ ಎತ್ತಿ ಹಿಡಿದು, ಬಲಗೈಯಿಂದ ತಿರುಪನ್ನು ತಿರುಗಿಸಿ ಸರಿಪಡಿಸುತ್ತೇನೆ. ಕೊನೆಯ ತಿರುಗಿಸುವಿಕೆ ಯಾವಾಗಲೂ ಕೆಳಗಿನಿಂದ ಮೇಲಕ್ಕೇ ಆಗಿರಬೇಕು, ಆಗ ಭಾರ ತಿರುಪಿನ ಮೇಲೆ ಕೂತೇ ಇರುತ್ತದೆ, ನಡುವೆ ಕುಸಿಯುವುದಿಲ್ಲ.

ಹೂಡುವ ಕ್ರಮವೆಂದರೆ ಮೊದಲು ಬಿಲ್ಲೆ, ಆಮೇಲೆ ಕೊಳವೆ. ಬಿಚ್ಚುವಾಗ ಮೊದಲು ಕೊಳವೆ, ಆಮೇಲೆ ಬಿಲ್ಲೆ. ಇದನ್ನು ತಲೆಕೆಳಗು ಮಾಡಿದವರ ದೂರದರ್ಶಕ ಒಮ್ಮೆಲೇ ತಿರುಗಿ ಟ್ರೈಪಾಡಿಗೆ ಬಡಿಯುತ್ತದೆ. ಸರಳಿನ ತುದಿಯಲ್ಲಿರುವ ಪುಟ್ಟ ತಡೆತಿರುಪನ್ನು ಹಾಕಲು ಮರೆಯಬಾರದು. ಜಾರಿದ ಬಿಲ್ಲೆ ನೇರವಾಗಿ ಪಾದದ ಮೇಲೆ ಬೀಳುತ್ತದೆ, ಮತ್ತು ಹೊಲದಲ್ಲಿ ನಾವು ಹಾಕಿಕೊಂಡಿರುವುದು ಹವಾಯಿ ಚಪ್ಪಲಿ.

ಧ್ರುವ ನಕ್ಷತ್ರವನ್ನು ಹಿಡಿಯಲು ಮುಖ್ಯ ಅಕ್ಷದೊಳಗೇ ಒಂದು ಪುಟ್ಟ ಪೋಲಾರ್ ಸ್ಕೋಪ್ ಇದೆ. ಅದರ ಬಗ್ಗೆ ನನ್ನ ಮೊದಲ ಅನುಭವವನ್ನು ಹೇಳಲೇಬೇಕು. ಮೊದಲ ರಾತ್ರಿ ತಾರಸಿಯ ಮೇಲೆ ಮುಚ್ಚಳ ತೆಗೆದು ಕಣ್ಣಿಟ್ಟರೆ ಕಪ್ಪು, ಬರೀ ಕಪ್ಪು. ನಕ್ಷತ್ರವಿರಲಿ, ಬೀದಿದೀಪದ ಮಬ್ಬೂ ಇಲ್ಲ. ಮುಂದಿನ ಮುಚ್ಚಳ ತೆಗೆದಿದ್ದೇನೆಯೇ ಎಂದು ಮೂರು ಸಲ ನೋಡಿದೆ, ಫೋಕಸ್ ತಿರುಗಿಸಿದೆ, ಮಸೂರ ಒಡೆದಿದೆಯೇ ಎಂದು ಟಾರ್ಚ್ ಬಿಟ್ಟೆ. ಒಂದು ಗಂಟೆ ಕಳೆದ ಮೇಲೆ ಮರ್ಮ ಬಯಲಾಯಿತು. ಈ ಮೌಂಟಿನಲ್ಲಿ ಕೌಂಟರ್‌ವೇಟ್ ಸರಳು ತಲೆಯ ಒಳಕ್ಕೆ ಜಾರಿ ಕೂರುವಂತೆ ಮಾಡಿದ್ದಾರೆ, ಸಾಗಣೆಗೆ ಅದು ಬಹಳ ಅನುಕೂಲ. ಆದರೆ ಒಳಗೆ ಕೂತ ಸರಳು ಪೋಲಾರ್ ಸ್ಕೋಪಿನ ಎದುರಿಗೇ ಅಡ್ಡ ನಿಲ್ಲುತ್ತದೆ. ಸರಳನ್ನು ಪೂರ್ತಿ ಹೊರಗೆಳೆದರೂ ಸಾಲದು. ಎರಡನೆಯ ಅಕ್ಷದ ದಂಡದಲ್ಲಿ ಆರಪಾರ ಒಂದು ತೂತಿದ್ದು, ಆ ಅಕ್ಷವನ್ನು ತೊಂಬತ್ತು ಡಿಗ್ರಿ ತಿರುಗಿಸಿದಾಗ ಮಾತ್ರ ಆ ತೂತು ಪೋಲಾರ್ ಸ್ಕೋಪಿನ ನೇರಕ್ಕೆ ಬಂದು ಕಿಟಕಿ ತೆರೆಯುತ್ತದೆ. ಕಿಟಕಿ ತೆರೆದಾಗ ಮಸುಕಾದ ಕೆಂಪು ಗೆರೆಗಳ ನಡುವೆ ಒಂದು ನಕ್ಷತ್ರ ನಡುಗುತ್ತಿತ್ತು. ಈಗಲೂ ಹೊಸಬರ ಮೌಂಟ್ ನೋಡಲು ಕರೆದರೆ ನಾನು ಮೊದಲು ಕೇಳುವುದು, “ಸರಳು ಹೊರಗಿದೆಯೇ?”

ನಮ್ಮ ಅಕ್ಷಾಂಶದಿಂದ ಆಗುವ ಒಂದೇ ಒಂದು ಉಪಕಾರ ಇಲ್ಲಿದೆ. ಉತ್ತರ ಯುರೋಪಿನವರು ಪೋಲಾರ್ ಸ್ಕೋಪ್ ನೋಡಲು ಮಂಡಿಯೂರಿ ಕುತ್ತಿಗೆಯನ್ನು ಮೇಲಕ್ಕೆ ಹೊರಳಿಸಬೇಕು. ನಮಗೆ ಅದು ಕಿಟಕಿಯಲ್ಲಿ ಇಣುಕಿದಷ್ಟೇ ಸಲೀಸು. ಆದರೆ ಇಣುಕಿದರೆ ಕಾಣಬೇಕಲ್ಲ! ಹದಿಮೂರು ಡಿಗ್ರಿ ಎಂದರೆ ಚಾಚಿದ ಕೈಯ ಮುಷ್ಟಿಯೊಂದಕ್ಕಿಂತ ಸ್ವಲ್ಪ ಹೆಚ್ಚು ಎತ್ತರ. ಬೆಂಗಳೂರಿನಲ್ಲಿ ಆ ಎತ್ತರದಲ್ಲಿ ಇರುವುದು ಎದುರುಮನೆಯ ನೀರಿನ ಟ್ಯಾಂಕು, ಅದರಾಚೆ ಊರಿನ ಬೆಳಕಿನ ಮಬ್ಬು. ಮಾವನ ಹೊಲದಲ್ಲಿ ಉತ್ತರಕ್ಕೆ ಬಂಡೆಗುಡ್ಡವಿದ್ದು, ಹೊಲದ ಒಂದು ಮೂಲೆಯಿಂದ ಮಾತ್ರ ಧ್ರುವ ಕಾಣುತ್ತದೆ. ಆದ್ದರಿಂದ ಜಾಗ ಆಯುವಾಗ ನಾವು ಮೊದಲು ನೋಡಬೇಕಾದದ್ದು ನೆತ್ತಿಯ ಕತ್ತಲೆಯನ್ನಲ್ಲ, ಉತ್ತರದ ಅಂಚನ್ನು. ಧ್ರುವ ನಕ್ಷತ್ರ ನಿಜವಾದ ಧ್ರುವಬಿಂದುವಿನಿಂದ ಸುಮಾರು 40 ಆರ್ಕ್‌ಮಿನಿಟ್, ಅಂದರೆ ಹುಣ್ಣಿಮೆಯ ಚಂದ್ರನ ಅಗಲಕ್ಕಿಂತಲೂ ಹೆಚ್ಚು ದೂರದಲ್ಲಿದೆ. ಪೋಲಾರ್ ಸ್ಕೋಪಿನ ವೃತ್ತದ ಮೇಲೆ ಅದನ್ನು ಆ ಹೊತ್ತಿಗೆ ತಕ್ಕ ಜಾಗದಲ್ಲಿ ಕೂರಿಸಬೇಕು. ಇಷ್ಟು ತಗ್ಗಿನಲ್ಲಿ ವಾಯುಮಂಡಲವೇ ನಕ್ಷತ್ರವನ್ನು ನಾಲ್ಕು ಆರ್ಕ್‌ಮಿನಿಟಿನಷ್ಟು ಎತ್ತಿ ತೋರಿಸುತ್ತದೆಂಬುದನ್ನೂ ನೆನಪಿಡಬೇಕು. ಕಣ್ಣಿನ ವೀಕ್ಷಣೆಗೆ ಇದು ಲೆಕ್ಕಕ್ಕಿಲ್ಲ, ದೀರ್ಘ ಎಕ್ಸ್‌ಪೋಷರಿಗೆ ಲೆಕ್ಕಕ್ಕಿದೆ.

ಧ್ರುವ ಕಾಣದ ತಾರಸಿಯಲ್ಲಿ ನಾನು ಈಗ ಪೋಲಾರ್ ಸ್ಕೋಪನ್ನು ಮುಟ್ಟುವುದೇ ಇಲ್ಲ. ಅದರ ಬದಲು ಅಕ್ಷವನ್ನು ಕ್ಯಾಮೆರಾದಿಂದ ಹೊಂದಿಸಲು ಕಂಪ್ಯೂಟರ್ ತಂತ್ರಾಂಶಗಳಿವೆ. ಶಾರ್ಪ್‌ಕ್ಯಾಪ್ ತಂತ್ರಾಂಶದ ವಿಧಾನಕ್ಕೆ ಕ್ಯಾಮೆರಾಗೆ ಧ್ರುವದ ಸುತ್ತಲಿನ ಆಕಾಶ ಕಾಣಬೇಕು. ನೀನಾ ತಂತ್ರಾಂಶದ ಮೂರು ಬಿಂದುಗಳ ವಿಧಾನಕ್ಕೆ ಅದರ ಹಂಗಿಲ್ಲ, ಆಕಾಶದ ಬೇರೆ ಭಾಗದಲ್ಲಿ ಮೂರು ಚಿತ್ರ ತೆಗೆದು ಅಕ್ಷ ಎಷ್ಟು ತಪ್ಪಿದೆಯೆಂದು ಹೇಳುತ್ತದೆ. ಟ್ಯಾಂಕಿನ ಹಿಂದೆ ಬದುಕುವವರಿಗೆ ಇದು ವರದಾನ.

ಹ್ಯಾಂಡ್ ಕಂಟ್ರೋಲರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿನ್‌ಸ್ಕ್ಯಾನ್ ಎಂಬ ಈ ರಿಮೋಟಿನಲ್ಲಿ 42,900 ವಸ್ತುಗಳ ಪಟ್ಟಿಯಿದೆ; ಅದರಲ್ಲಿ ಇನ್ನೂರನ್ನೂ ನಾನು ನೋಡಿರಲಾರೆ. ಎಚ್ಚರ ಬೇಕಾದದ್ದು ಮೊದಲ ಕೆಲವು ಪ್ರಶ್ನೆಗಳಲ್ಲಿ. ರೇಖಾಂಶ, ಅಕ್ಷಾಂಶಗಳನ್ನು ಅದು ಡಿಗ್ರಿ ಮತ್ತು ಮಿನಿಟುಗಳಲ್ಲಿ ಕೇಳುತ್ತದೆ. ಮೊಬೈಲ್ ನಕ್ಷೆಯಲ್ಲಿ ಕಾಣುವ 12.97 ಎಂಬ ದಶಮಾಂಶವನ್ನು 12 ಡಿಗ್ರಿ 97 ಮಿನಿಟ್ ಎಂದು ತುಂಬಲು ಹೋಗಬಾರದು, ಬೆಂಗಳೂರಿಗೆ ಅದು 12 ಡಿಗ್ರಿ 58 ಮಿನಿಟ್. ದಿನಾಂಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಜನವರಿ ಐದನ್ನು ಮೇ ಒಂದು ಎಂದು ತುಂಬಿದ ಒಬ್ಬರು ಮೃಗಶಿರವನ್ನು ಹುಡುಕುತ್ತಾ ನೆಲಕ್ಕೆ ಮುಖ ಮಾಡಿದ ದೂರದರ್ಶಕವನ್ನು ಸುತ್ತು ಹಾಕಿದ್ದನ್ನು ಕಂಡಿದ್ದೇನೆ. ಕಾಲವಲಯ ಕೂಡಿಸು ಐದೂವರೆ. ಬೇಸಿಗೆ ಗಡಿಯಾರದ ಪ್ರಶ್ನೆಗೆ ಇಲ್ಲ.

ವಿದ್ಯುತ್ತು 11ರಿಂದ 15 ವೋಲ್ಟಿನ ನಡುವೆ ಇರಬೇಕು. ಮೊದಲು ನಾನು ಯುಪಿಎಸ್‌ನಿಂದ ತೆಗೆದ 7 ಆಂಪಿಯರ್-ಅವರ್ ಸೀಸದ ಬ್ಯಾಟರಿ ಒಯ್ಯುತ್ತಿದ್ದೆ. ರಾತ್ರಿ ಎರಡು ಗಂಟೆಯ ಹೊತ್ತಿಗೆ ವೋಲ್ಟೇಜ್ ಇಳಿದು ಮೋಟಾರಿನ ಸದ್ದೇ ಬದಲಾಗುತ್ತಿತ್ತು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಬದಲಾಯಿಸಿದ ಮೇಲೆ ಬೆಳಗಿನವರೆಗೆ ಚಿಂತೆಯಿಲ್ಲ, ತೂಕವೂ ಕಡಿಮೆ. ಪ್ಲಗ್ಗು ಬರೀ ಒತ್ತಿ ಕೂರಿಸುವ ಬಗೆಯದಾದ್ದರಿಂದ ತಂತಿಯನ್ನು ಟ್ರೈಪಾಡಿನ ಕಾಲಿಗೆ ಒಂದು ವೆಲ್‌ಕ್ರೋ ಪಟ್ಟಿಯಿಂದ ಕಟ್ಟಿ, ಮೇಲೆ ಒಂದು ಗೇಣು ಸಡಿಲ ಬಿಡುವುದು ಕ್ಷೇಮ.

ಆರೈಕೆಯ ವಿಷಯದಲ್ಲಿ ಈ ಮೌಂಟ್ ನಮ್ಮ ಹಳೆಯ ಹೊಲಿಗೆ ಯಂತ್ರದಂತೆ: ಬಿಚ್ಚಿದರೆ ಅರ್ಥವಾಗುತ್ತದೆ, ಅಲೆನ್ ಕೀಗಳ ಒಂದು ಗೊಂಚಲು ಮತ್ತು ತಾಳ್ಮೆ ಇದ್ದರೆ ಸಾಕು. ವರ್ಷಕ್ಕೊಮ್ಮೆ ನಾನು ಅಕ್ಷಗಳನ್ನು ಕೈಯಿಂದ ಅಲುಗಿಸಿ ನೋಡುತ್ತೇನೆ. ಕ್ಲಚ್ ಬಿಗಿಯಾಗಿದ್ದರೂ ಟಿಕ್ ಟಿಕ್ ಎಂದು ಸ್ವಲ್ಪ ಆಡುತ್ತಿದ್ದರೆ ವರ್ಮ್ ಚಕ್ರದಿಂದ ದೂರ ಸರಿದಿದೆ ಎಂದರ್ಥ. ನಾಲ್ಕೈದು ವರ್ಷದ ದುಡಿಮೆಗೆ ಇದು ಸಹಜ. ಅದನ್ನು ಹತ್ತಿರಕ್ಕೆ ಒತ್ತುವ ಸಣ್ಣ ತಿರುಪುಗಳನ್ನು ಒಂದನ್ನು ಸಡಿಲಿಸಿ ಇನ್ನೊಂದನ್ನು ಬಿಗಿದು ಹೊಂದಿಸಬೇಕು, ಅದೂ ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗ. ಹೆಚ್ಚು ಬಿಗಿದರೆ ಒಂದು ಜಾಗದಲ್ಲಿ ಸರಿಯಾಗಿದ್ದು ಇನ್ನೊಂದು ಜಾಗದಲ್ಲಿ ಮೋಟಾರು ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಹೊಂದಿಸಿದ ಮೇಲೆ ಪೂರ್ತಿ ಒಂದು ಸುತ್ತು ಓಡಿಸಿ ಕಿವಿಗೊಟ್ಟು ಕೇಳಬೇಕು. ಸಣ್ಣ ಹಲ್ಲುಗಾಲಿಗಳ ಬದಲು ಬೆಲ್ಟು ಹಾಕುವ ಕಿಟ್ ಒಂದನ್ನು ಇಂಗ್ಲೆಂಡಿನ ರೋವನ್ ಸಂಸ್ಥೆ ಮಾಡುತ್ತದೆ. ಇಕ್ಯೂ-6ಆರ್‌ನಲ್ಲಿ ಬೆಲ್ಟು ಮೊದಲೇ ಇರುತ್ತದೆ. ನಾನು ಹಲ್ಲುಗಾಲಿಗಳಲ್ಲೇ ಉಳಿದಿದ್ದೇನೆ. ಕೊಳವೆಯ ತೂಕವನ್ನು ಸರಿದೂಗಿಸುವಾಗ ಪೂರ್ವದ ಕಡೆಗೆ ಒಂದು ಕೂದಲು ಹೆಚ್ಚು ಭಾರ ಬಿಟ್ಟರೆ ಹಲ್ಲುಗಳು ಸದಾ ಒಂದೇ ಬದಿಗೆ ಒತ್ತಿಕೊಂಡಿರುತ್ತವೆ, ಮೌಂಟಿನ ತಪ್ಪನ್ನು ಪರದೆಯ ಮೇಲೆ ತೋರಿಸುವ ಗೈಡಿಂಗ್ ಗೆರೆ ಶಾಂತವಾಗುತ್ತದೆ. ಈ ಒಂದು ಉಪಾಯದಿಂದ ನನಗೆ ಐದು ನಿಮಿಷದ ಎಕ್ಸ್‌ಪೋಷರುಗಳು ನಿರಾಯಾಸವಾಗಿ ಸಿಗುತ್ತಿವೆ.

ಗ್ರೀಸಿನ ವಿಚಾರದಲ್ಲಿ ಒಂದೇ ಮಾತು: ಹಳೆಯದನ್ನು ಪೂರ್ತಿ ಒರೆಸದೆ ಹೊಸದನ್ನು ಹಚ್ಚಬಾರದು, ಹಚ್ಚುವಾಗಲೂ ಹಲ್ಲುಗಳ ಮೇಲೆ ತೆಳ್ಳಗಿನ ಪದರ ಸಾಕು. ಅಂಗಳದ ಧೂಳಿನಲ್ಲಿ ಈ ಕೆಲಸ ಮಾಡುವುದಕ್ಕಿಂತ ಮಾಡದಿರುವುದೇ ಮೇಲು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಯಂತ್ರ ಸುಮ್ಮನೆ ಕೂರುತ್ತದೆ, ಆಗಲೇ ಅದಕ್ಕೆ ಅಪಾಯ ಹೆಚ್ಚು. ಡಬ್ಬಿಯೊಳಗೆ ನೀಲಿ ಸಿಲಿಕಾ ಜೆಲ್ಲಿನ ಬಟ್ಟೆ ಚೀಲಗಳನ್ನು ಇಡುತ್ತೇನೆ. ಕಾಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಹಳೆಯ ಬಾಣಲೆಯೊಂದರಲ್ಲಿ ಸಣ್ಣ ಉರಿಯ ಮೇಲೆ ಹುರಿದು ಮತ್ತೆ ನೀಲಿ ಮಾಡುತ್ತೇನೆ. ಆ ಬಾಣಲೆಯನ್ನು ಮತ್ತೆ ಅಡುಗೆಮನೆಗೆ ಸೇರಿಸಬಾರದೆಂಬ ಕಟ್ಟಪ್ಪಣೆ ಮನೆಯಲ್ಲಿದೆ, ಅದು ನ್ಯಾಯವೂ ಹೌದು. ಕರಾವಳಿ, ಮಲೆನಾಡಿನವರಿಗೆ ಇದು ಸಾಲದು. ಅಲ್ಲಿ ಮಸೂರಗಳನ್ನು ಜೀರೋ ಕ್ಯಾಂಡಲ್ ಬಲ್ಬು ಉರಿಯುವ ಬೀರುವಿನಲ್ಲಿ ಇಡುವುದೇ ರೂಢಿ. ಇಬ್ಬನಿ ಬಿದ್ದ ರಾತ್ರಿಯ ನಂತರ ಒದ್ದೆ ಮೌಂಟನ್ನು ಡಬ್ಬಿಯಲ್ಲಿ ಮುಚ್ಚಿ ತಂದು ಹಾಗೇ ಬಿಟ್ಟರೆ ವಾರದೊಳಗೆ ತಿರುಪುಗಳ ತಲೆ ಕಂದುತ್ತದೆ. ಮನೆಗೆ ಬಂದ ಕೂಡಲೇ ಮುಚ್ಚಳ ತೆಗೆದು ಫ್ಯಾನಿನ ಕೆಳಗೆ ಇಡಬೇಕು, ನಾವು ಮಲಗುವುದು ಆಮೇಲೆ.

ಇತ್ತೀಚೆಗೆ ವರ್ಮಿನ ಬದಲು ಬಾಗುವ ತೆಳು ಹಲ್ಲುಚಕ್ರವಿರುವ ಸ್ಟ್ರೈನ್ ವೇವ್ ಗೇರಿನ ಮೌಂಟುಗಳು ಬಂದಿವೆ. ಝಡ್‌ಡಬ್ಲ್ಯೂಓ ಕಂಪನಿಯ ಎಎಮ್-5ರ ತಲೆ ಕೇವಲ 5 ಕಿಲೋ ತೂಗಿ, ಕೌಂಟರ್‌ವೇಟ್ ಇಲ್ಲದೆಯೇ 13 ಕಿಲೋ ಹೊರುತ್ತದೆ. ಬಿಲ್ಲೆ ಕಾಲಿಗೆ ಬಡಿಯುವ ನಮ್ಮ ಗೋಳೇ ಅದಕ್ಕಿಲ್ಲ. ಬಸ್ಸಿನಲ್ಲಿ ಹೋಗುವವರಿಗೆ, ಬೆನ್ನು ಸಹಕರಿಸದವರಿಗೆ ಅದೇ ಸರಿ, ಹಣವಿದ್ದರೆ. ಕಾರಿದ್ದು, ಮಿತವಾದ ಹಣದಲ್ಲಿ ಆಕಾಶದ ಚಿತ್ರ ತೆಗೆಯಬೇಕೆನ್ನುವವರಿಗೆ ಎಚ್‌ಇಕ್ಯೂ-5 ಪ್ರೊಗಿಂತ ತಿಳಿಯಾದ ಯಂತ್ರವನ್ನು ನಾನು ಸೂಚಿಸಲಾರೆ. ಕಳೆದ ಏಪ್ರಿಲಿನಲ್ಲಿ ಮಾವನ ಹೊಲದಿಂದ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛವನ್ನು ಅದು ಎರಡು ಗಂಟೆ ಹಿಡಿದು ನಿಂತಿತು. ನಮ್ಮಲ್ಲಿ ದಕ್ಷಿಣಕ್ಕೆ 28 ಡಿಗ್ರಿ ಮೇಲೇರುವ ಆ ಗುಚ್ಛ ಲಂಡನ್ನಿನವರಿಗೆ ಉದಯಿಸುವುದೇ ಇಲ್ಲ.

ಹೊಸದಕ್ಕೆ ಹಣ ಸಾಲದಿದ್ದರೆ ಹಳೆಯದನ್ನೂ ಧೈರ್ಯವಾಗಿ ಕೊಳ್ಳಬಹುದು. ಕೊಳ್ಳುವ ಮೊದಲು ಎರಡೂ ಕ್ಲಚ್ ಸಡಿಲಿಸಿ ಅಕ್ಷಗಳನ್ನು ಬೆರಳಿನಿಂದ ತಿರುಗಿಸಿ, ಎಲ್ಲಿಯೂ ಮರಳು ಅರೆದಂತೆ ಅನಿಸಬಾರದು. ವಿದ್ಯುತ್ ಕೊಟ್ಟು ಎರಡೂ ದಿಕ್ಕಿಗೆ ಪೂರ್ಣ ವೇಗದಲ್ಲಿ ಓಡಿಸಿ, ಸದ್ದು ಎರಡೂ ಕಡೆ ಒಂದೇ ಆಗಿರಬೇಕು. ಪೋಲಾರ್ ಸ್ಕೋಪಿನಲ್ಲಿ ಇಣುಕಿ, ಸರಳು ಹೊರಗೆಳೆದ ಮೇಲೆ. ಕೊನೆಯಲ್ಲಿ ಎತ್ತರದ ತಿರುಪುಗಳನ್ನು ಪೂರ್ತಿ ಹೊರತೆಗೆದು ಸಮತಟ್ಟಾದ ಮೇಜಿನ ಮೇಲೆ ಉರುಳಿಸಿ ನೋಡಿ. ನೆಟ್ಟಗಿರುವ ತಿರುಪು ಸರಾಗವಾಗಿ ಉರುಳುತ್ತದೆ. ನನ್ನಂಥವರ ಕೈಗೆ ಸಿಕ್ಕಿದ್ದ ತಿರುಪು ಕುಂಟುತ್ತದೆ.